ಅಮ್ಮನಿಗೆ ಕ್ಯಾನ್ಸರಿಗೆ ಕರೆಂಟು (ರೇಡಿಯೇಷನ್) ಕೊಡಿಸಬೇಕು, ಊರಿನಿಂದ ಬಸ್ಸಿನಲ್ಲಿ ನಾಲ್ಕು ಗಂಟೆ. ಓಡಾಡುವುದಾ, ಅಲ್ಲೇ ಉಳಿಯುವುದಾ?

ಕೊನೆಬಸ್ಸು ಕೇಳಿದ್ದು:

ನಮಸ್ಕಾರ. ಇಷ್ಟು ದಿನ ಬೇರೆಯವರು ಬರೆದದ್ದನ್ನು ಓದುತ್ತಿದ್ದೆ ಅಷ್ಟೇ. ಈಗ ನಾನೇ ಕೇಳುವ ಹಾಗಾಗಿದೆ.

ಅಮ್ಮನಿಗೆ 56 ವರ್ಷ. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಆಪರೇಷನ್ ಬೇಡ, ಕರೆಂಟು ಮತ್ತು ಕೀಮೋ ಒಟ್ಟಿಗೆ ಕೊಡುತ್ತೇವೆ ಎಂದಿದ್ದಾರೆ. 25 ಕರೆಂಟು, ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು. ವಾರಕ್ಕೊಂದು ಕೀಮೋ, ಒಟ್ಟು ಐದು. ಅದು ಮುಗಿಯುವ ಹೊತ್ತಿಗೆ ಒಳಗಿನ ಕರೆಂಟು ಅಂತ ಬೇರೆ ಇದೆಯಂತೆ, ಮೂರೋ ನಾಲ್ಕೋ. ಎಲ್ಲಾ ಸೇರಿ ಎಂಟು ವಾರದೊಳಗೆ ಮುಗಿಯಬೇಕು ಎಂದರು. ಇಷ್ಟನ್ನೂ ಐದು ನಿಮಿಷದಲ್ಲಿ ಹೇಳಿದರು. ನಾನು ಚೀಟಿಯ ಹಿಂದೆ ಗೀಚಿಕೊಂಡೆ. ಮನೆಗೆ ಬಂದು ನೋಡಿದರೆ ನನ್ನ ಅಕ್ಷರ ನನಗೇ ಓದಲು ಬರಲಿಲ್ಲ.

ನಮ್ಮದು ಹಳ್ಳಿ. ಎರಡು ಬಸ್ಸು ಬದಲಾಯಿಸಬೇಕು. ಎರಡನೆಯದು ಸರಿಯಾಗಿ ಸಿಕ್ಕರೆ ನಾಲ್ಕು ಗಂಟೆ, ತಪ್ಪಿದರೆ ಐದೂವರೆ. ಮೊದಲ ಬಸ್ಸು ಬೆಳಗ್ಗೆ 5.20ಕ್ಕೆ. ಕೊನೆಯ ಬಸ್ಸು ಹಿಡಿದರೆ ರಾತ್ರಿ ಒಂಬತ್ತಕ್ಕೆ ಮನೆ. ಅಮ್ಮನ ಲೆಕ್ಕ ಬಹಳ ಸುಲಭ. "ಕರೆಂಟು ಹತ್ತೇ ನಿಮಿಷ ಅಂದರಲ್ಲ, ಹೋಗಿ ಬಂದರಾಯಿತು. ಹತ್ತು ನಿಮಿಷಕ್ಕೆ ಎರಡು ತಿಂಗಳು ಊರು ಬಿಡಬೇಕಾ?"

ಅವಳಿಗೆ ಎರಡು ದನ ಇವೆ. ಒಂದು ಗಬ್ಬ, ಸುಮಾರು ಮೂರು ವಾರದಲ್ಲಿ ಕರು ಹಾಕುತ್ತದೆ. ಅಪ್ಪನಿಗೆ ಮಂಡಿ ನೋವು, ಕೂತರೆ ಏಳಲು ಆಗುವುದಿಲ್ಲ. ಹಾಲು ಕರೆಯುವುದೆಲ್ಲಾ ಅಮ್ಮನೇ. ನಾನು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಎಂಟು ವಾರ ರಜೆ ಕೇಳಿದರೆ ಕೆಲಸವೇ ಹೋಗುತ್ತದೆ. ಅಣ್ಣ ದೂರದಲ್ಲಿದ್ದಾನೆ. ಫೋನಿನಲ್ಲಿ ತುಂಬಾ ಕಾಳಜಿ ಮಾಡುತ್ತಾನೆ.

ಕೇಳಬೇಕಾದದ್ದು ಮೂರು. ದಿನಾ ಓಡಾಡಲು ಆಗುತ್ತದಾ? ಕರು ಹಾಕುವ ವಾರ ಎರಡು ದಿನ ತಪ್ಪಿಸಿದರೆ ಏನಾಗುತ್ತದೆ? ಇನ್ನೊಂದು, ಅಮ್ಮ ಏನನ್ನೂ ಬಾಯಿಬಿಟ್ಟು ಹೇಳುವವಳಲ್ಲ. ಮುಟ್ಟು ನಿಂತು ಆರು ವರ್ಷವಾದ ಮೇಲೆ ರಕ್ತ ಹೋಗುತ್ತಿದ್ದರೂ ಐದು ತಿಂಗಳು ಯಾರಿಗೂ ಹೇಳಿರಲಿಲ್ಲ. ಅಲ್ಲಿ ಗೊತ್ತಿಲ್ಲದ ಗಂಡಸರ ಮುಂದೆ ಏನು ಹೇಳಿಯಾಳು?

ಮೊನ್ನೆ ವಾಪಸು ಬರುವಾಗ ಕಿಟಕಿ ಕಡೆ ನೋಡುತ್ತಾ ಕೇಳಿದಳು: "ಅಲ್ಲಿ ನನಗೆ ಮಾಡೋಕೆ ಏನಿರುತ್ತೆ?" ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇಚೀಲ ಬರೆದದ್ದು:

ದಿನಾ ಓಡಾಡಬೇಡಿ. ನಾನೂ ಇದೇ ಕಾಯಿಲೆಯವಳು, ಇದೇ ಲೆಕ್ಕ ಹಾಕಿದವಳು. ಮೊದಲ ಎರಡು ವಾರ ಏನೂ ಆಗಲಿಲ್ಲ. ಎಲ್ಲರೂ ಸುಮ್ನೆ ಹೆದರಿಸುತ್ತಾರೆ ಅಂದುಕೊಂಡೆ. ಮೂರನೇ ವಾರ ಭೇದಿ ಶುರುವಾಯಿತು. ಹೊಟ್ಟೆಯ ಕೆಳಭಾಗಕ್ಕೆ ಕರೆಂಟು ಕೊಟ್ಟರೆ ಕರುಳಿಗೂ ತಗಲುತ್ತದೆ, ಅದು ಮಾಮೂಲು. ಮನೆಯಲ್ಲಿದ್ದರೆ ಮಾತ್ರೆಯಲ್ಲಿ ಸಂಭಾಳಿಸಬಹುದು. ಬಸ್ಸಿನಲ್ಲಿ? ಒಂದು ದಿನ ದಾರಿ ಮಧ್ಯೆ ಇಳಿದುಬಿಟ್ಟೆ. ಮುಂದಿನ ಬಸ್ಸಿಗೆ ಎರಡು ಗಂಟೆ ಕಾದೆ. ಅವತ್ತೇ ರೂಮು ಹುಡುಕಿದೆ.

ಎರಡು ಜೊತೆ ಬಟ್ಟೆ, ಹಳೇ ಹತ್ತಿ ಸೀರೆ ಹರಿದ ತುಂಡುಗಳು, ಒಂದು ಪ್ಲಾಸ್ಟಿಕ್ ಕವರು ಬೇರೆ ಚೀಲದಲ್ಲಿ ಯಾವಾಗಲೂ ಜೊತೆಗಿರಲಿ. ರೂಮು ನೋಡುವಾಗ ಬೇರೆ ಏನೂ ನೋಡಬೇಡಿ, ಟಾಯ್ಲೆಟ್ ಎಷ್ಟು ಹೆಜ್ಜೆ ದೂರ ಅಂತ ನೋಡಿ.

ಹಳೇಕೊಡೆ ಬರೆದದ್ದು:

ತಂಗೀ, ನಿಮ್ಮಮ್ಮನ ಆ ಕೊನೆಯ ಪ್ರಶ್ನೆ ಓದಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆದರೆ ಬೈಯಬೇಡಿ.

ನನಗೆ ಗಂಟಲು. 35 ಕರೆಂಟು, ಏಳು ವಾರ. ನಾನು ವ್ಯವಸಾಯದವನು, ಆಗ 61 ವರ್ಷ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ರೂಮು ಹಿಡಿದೆವು. ಮೊದಲ ಹತ್ತು ದಿನ ಮಗ ಇದ್ದ, ಆಮೇಲೆ ನನ್ನ ತಂಗಿಯ ಗಂಡ, ಕೊನೆಗೆ ಮತ್ತೆ ಮಗ. ಒಬ್ಬರನ್ನೇ ಪೂರ್ತಿ ಎರಡು ತಿಂಗಳು ಕಟ್ಟಿಹಾಕಬೇಡಿ. ಅವರ ಮುಖ ಬಾಡಿದ್ದನ್ನು ನೋಡಿ ರೋಗಿಗೆ ಇನ್ನೂ ಸಂಕಟ. ಮೊದಲ ಎರಡು ವಾರ ಯಾರು ಬೇಕಾದರೂ ಇರಬಹುದು. ಕೊನೆಯ ಎರಡು ವಾರಕ್ಕೆ ಮಾತ್ರ ನಾಚಿಕೆಯಿಲ್ಲದೆ ಎಲ್ಲಾ ಹೇಳಿಕೊಳ್ಳುವಂಥವರು ಜೊತೆಗಿರಬೇಕು. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಶುರುವಿನಲ್ಲಿ ಮನೆಮಂದಿಯೆಲ್ಲಾ ಬಂದು, ಕಷ್ಟ ಬರುವ ಹೊತ್ತಿಗೆ ಯಾರಿಗೂ ರಜೆ ಉಳಿದಿರುವುದಿಲ್ಲ. ನಿಮ್ಮ ರಜೆಯನ್ನು ಉಳಿಸಿಡಿ. ಫೋನಿನಲ್ಲಿ ಕಾಳಜಿ ಮಾಡುವ ಅಣ್ಣನಿಗೆ ಮೊದಲ ವಾರ ಕೊಡಿ. ಆಗ ಕಷ್ಟ ಇರುವುದಿಲ್ಲ, ಬೇಡ ಅನ್ನಲು ಅವನಿಗೂ ಕಾರಣ ಸಿಗುವುದಿಲ್ಲ.

ಕರೆಂಟು ಹತ್ತು ನಿಮಿಷ ಅನ್ನುವುದು ನಿಜ. ಮೇಜಿನ ಮೇಲೆ ಮಲಗಿಸಿ ಹೊಂದಿಸುವುದೇ ಜಾಸ್ತಿ ಹೊತ್ತು, ಮಿಷನ್ನು ಕೆಲಸ ಮಾಡುವುದು ಒಂದೆರಡು ನಿಮಿಷ. ನೋವಿಲ್ಲ, ಬಿಸಿಯಿಲ್ಲ. ಉಳಿದ 23 ಗಂಟೆ 50 ನಿಮಿಷ ಇದೆಯಲ್ಲ, ಅದನ್ನು ಕಳೆಯುವುದು ಕಷ್ಟ. ಊರಿನಲ್ಲಿ ನಾನು ಬೆಳಗ್ಗೆ ಎದ್ದರೆ ಹತ್ತು ಜನ ಕೇಳುವ ಮನುಷ್ಯ: ನೀರು ಎಲ್ಲಿಗೆ ಬಿಡಲಿ, ಕಳೆ ಯಾವತ್ತು ತೆಗೆಯಲಿ. ಅಲ್ಲಿ ನಾನು ಬರೀ ಒಂದು ಫೈಲು. "ಕೂತ್ಕೊಳ್ಳಿ", "ಎದ್ದೇಳಿ", "ಬಾಯಿ ತೆಗೀರಿ". ಎರಡನೇ ವಾರಕ್ಕೆ ಮಗನ ಮೇಲೆ ಸುಮ್ಮಸುಮ್ಮನೆ ರೇಗಲು ಶುರು ಮಾಡಿದೆ.

ಮಳೆಗಾಲ. ಒಂದು ದಿನ ಕಾಯುವ ಹಾಲಿನಲ್ಲಿ ಪಕ್ಕದವರ ಕೊಡೆ ಕಡ್ಡಿ ಮುರಿದು ಒದ್ದಾಡುತ್ತಿದ್ದರು. ನನಗೆ ಆ ಕೆಲಸ ಬರುತ್ತದೆ, ನಮ್ಮಪ್ಪ ಕಲಿಸಿದ್ದು. ತಂತಿ ತುಂಡೊಂದನ್ನು ಹುಡುಕಿ ಸರಿ ಮಾಡಿಕೊಟ್ಟೆ. ಮಾರನೇ ದಿನ ಇಬ್ಬರು ಕೊಡೆ ತಂದರು. ನಾಲ್ಕನೇ ವಾರದ ಹೊತ್ತಿಗೆ ಮಗನ ಹತ್ತಿರ ಇಕ್ಕಳ, ಸೂಜಿ, ದಪ್ಪ ದಾರ ತರಿಸಿದ್ದೆ. ಬಾಗಿಲು ಕಾಯುವವನ ಕೊಡೆ, ನರ್ಸಮ್ಮನವರ ಕೊಡೆ, ಒಬ್ಬ ಡಾಕ್ಟರದೂ. ಬಾಯಿ ಹುಣ್ಣಾಗಿ ನೀರು ನುಂಗಲೂ ಆಗದ ದಿನಗಳವು. ಆದರೂ 11.40ಕ್ಕೆ ಸರಿಯಾಗಿ ಹೋಗಿ ಕೂರುತ್ತಿದ್ದೆ. ಕರೆಂಟಿಗಿಂತ ಹೆಚ್ಚಾಗಿ ಕೊಡೆಗಳಿಗಾಗಿ.

ಹಾಗಾಗಿ "ಮಾಡೋಕೆ ಏನಿರುತ್ತೆ" ಅಂದರೆ, ಏನಾದರೂ ಇರಲೇಬೇಕು. ನಿಮ್ಮಮ್ಮನಿಗೆ ಏನು ಬರುತ್ತದೋ ನನಗೆ ಗೊತ್ತಿಲ್ಲ. ಹೊಲಿಗೆಯೋ ಹೆಣಿಗೆಯೋ, ಚೀಲದಲ್ಲಿ ಹಾಕಿ ಕಳಿಸಿ. ದನಗಳ ಯಜಮಾನಿಕೆಯನ್ನು ಮಾತ್ರ ಅವರ ಕೈಯಿಂದ ಕಿತ್ತುಕೊಳ್ಳಬೇಡಿ. "ನೀನು ಅದೆಲ್ಲಾ ಯೋಚನೆ ಮಾಡಬೇಡ, ನಾವು ನೋಡಿಕೊಳ್ಳುತ್ತೇವೆ" ಅನ್ನುವುದು ಒಳ್ಳೆಯ ಮಾತಿನ ಹಾಗೆ ಕೇಳುತ್ತದೆ. ನನಗೆ ಹಾಗೆ ಅಂದವರ ಮೇಲೆ ಈಗಲೂ ಸಿಟ್ಟಿದೆ. ನನ್ನ ಹೆಂಡತಿ ದಿನಾ ಸಂಜೆ ಏಳಕ್ಕೆ ಫೋನು ಮಾಡಿ ಹೊಲದ ಸುದ್ದಿ ಹೇಳಿ, ಏನು ಮಾಡಲಿ ಅಂತ ಕೇಳುತ್ತಿದ್ದಳು. ಐದನೇ ವಾರ ನನ್ನ ಸ್ವರ ಪೂರ್ತಿ ಹೋಯಿತು. ಆಗ ಒಂದು ಉಪಾಯ ಮಾಡಿದೆವು. ಅವಳು ಕೇಳುವುದು, ನಾನು ಉಗುರಿನಿಂದ ಫೋನಿನ ಮೇಲೆ ಕುಟ್ಟುವುದು. ಒಂದು ಸಲ ಅಂದರೆ ಹೌದು, ಎರಡು ಸಲ ಅಂದರೆ ಬೇಡ. ಹಾಗೆ ಮೂರು ವಾರ ವ್ಯವಸಾಯ ಮಾಡಿದ್ದೇನೆ. ಊರಿಗೆ ಬಂದ ಮೇಲೆ ಗೊತ್ತಾಯಿತು, ಅರ್ಧಕ್ಕರ್ಧ ಅವಳು ತನಗೆ ತೋಚಿದ ಹಾಗೆಯೇ ಮಾಡಿದ್ದಳು. ಬೆಳೆ ಚೆನ್ನಾಗಿಯೇ ಬಂದಿತ್ತು. ಇರಲಿ.

ಇನ್ನು ಶನಿವಾರ, ಭಾನುವಾರ. ಕರೆಂಟು ಇರುವುದಿಲ್ಲ. ಮೊದಲ ದಿನವೇ ಟೈಮು ಕೊಡುವವರ ಹತ್ತಿರ ಕೇಳಿ: ಶುಕ್ರವಾರ ಆದಷ್ಟು ಬೆಳಗ್ಗೆ, ಸೋಮವಾರ ಆದಷ್ಟು ಮಧ್ಯಾಹ್ನದ ಮೇಲೆ. ದೂರದವರು ಅಂದರೆ ಎಷ್ಟೋ ಕಡೆ ಹೊಂದಿಸುತ್ತಾರೆ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ನನಗೆ ಇದು ಗೊತ್ತಾಗಿದ್ದು ಮೂರನೇ ವಾರ, ಪಕ್ಕದ ಕುರ್ಚಿಯವರಿಂದ. ಊರಿನಲ್ಲಿ ಎರಡು ರಾತ್ರಿ ಮಲಗಿ ಬಂದರೆ ಮುಂದಿನ ಐದು ದಿನ ಹೇಗೋ ಹೋಗುತ್ತದೆ. ಕೊನೆಕೊನೆಗೆ ಅದೂ ಬೇಡವಾಗುತ್ತದೆ, ಸುಸ್ತು. ಆಗ ಒತ್ತಾಯ ಮಾಡಬೇಡಿ.

ಯಾರೂ ನನಗೆ ಹೇಳದ ಮಾತೊಂದಿದೆ. ಕೊನೆಯ ಕರೆಂಟು ಮುಗಿದ ದಿನವೇ ಎಲ್ಲಾ ಮುಗಿಯುವುದಿಲ್ಲ. ಸುಟ್ಟ ಹಾಗಿರುವುದು, ಸುಸ್ತು, ಹುಣ್ಣು, ಇವೆಲ್ಲಾ ಮುಗಿದ ಮೇಲೆ ಒಂದು ವಾರ, ಹತ್ತು ದಿನ ಏರುತ್ತಲೇ ಹೋಗಿ ಆಮೇಲೆ ಇಳಿಯುತ್ತವೆ. ನಾವು ಖುಷಿಯಲ್ಲಿ ಗಂಟುಮೂಟೆ ಕಟ್ಟಿ ಊರಿಗೆ ಬಂದೆವು. ನಾಲ್ಕನೇ ದಿನ ಉಗುಳು ನುಂಗಲೂ ಆಗಲಿಲ್ಲ. ಕಾಯಿಲೆ ತಿರುಗಿ ಬಂತು ಅಂತ ಮನೆಯವರೆಲ್ಲಾ ಅತ್ತರು. ಹತ್ತಿರದ ಡಾಕ್ಟರಿಗೆ ತೋರಿಸಿದರೆ, ನನಗೆ ಏನು ಕೊಟ್ಟಿದ್ದಾರೆ ಅನ್ನುವ ಕಾಗದವೇ ನಮ್ಮ ಹತ್ತಿರ ಇಲ್ಲ. ನೀವು ಹಾಗೆ ಮಾಡಬೇಡಿ. ಎಷ್ಟು ಕರೆಂಟು, ಯಾವ ಕೀಮೋ, ಮುಂದೆ ಏನೇನು ಆಗಬಹುದು, ಯಾವ ನಂಬರಿಗೆ ಫೋನು ಮಾಡಬೇಕು, ಇಷ್ಟೂ ಬರೆದ ಕಾಗದ ಕೈಗೆ ಬರುವ ತನಕ ಅಲ್ಲಿಂದ ಏಳಬೇಡಿ.

ಗಂಟಲಿನವರಿಗೆ ಮುಖಕ್ಕೊಂದು ಜಾಲರಿ ಮುಖವಾಡ ಮಾಡುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ಕು ಮುಖದ ಮೇಲೆ ಒತ್ತಿ ಅಚ್ಚು ತೆಗೆಯುವುದು, ಅಲುಗಾಡದಿರಲಿ ಅಂತ. ಕೊನೆಯ ದಿನ ಮನೆಗೆ ತಂದೆ. ಈಗ ಹೆಂಡತಿ ಅದನ್ನು ಕೋಳಿ ಕೆದಕದ ಹಾಗೆ ಸಸಿಗಳ ಮೇಲೆ ಕವುಚಿಟ್ಟಿದ್ದಾಳೆ. ಬೆಳಗ್ಗೆ ಎದ್ದು ಹಿತ್ತಲಿಗೆ ಹೋದರೆ ನನ್ನದೇ ಮುಖ ನನ್ನನ್ನು ನೋಡುತ್ತದೆ.

ಶಿಫ್ಟುಮುಗೀತು ಬರೆದದ್ದು:

ನಾನು ಕರೆಂಟು ಕೊಡುವ ಮಿಷನ್ನಿನ ಟೆಕ್ನಿಷಿಯನ್. ತಪ್ಪಿಸುವ ವಿಚಾರ ಯಾರೂ ಹೇಳಲಿಲ್ಲ, ಅದನ್ನು ಹೇಳುತ್ತೇನೆ.

ದಿನಕ್ಕೆ ಸ್ವಲ್ಪ ಸ್ವಲ್ಪವೇ ಕೊಡುವುದಕ್ಕೆ ಕಾರಣ ಇದೆ. ಪಕ್ಕದ ಒಳ್ಳೆಯ ಜೀವಕೋಶಗಳು ಮಾರನೇ ದಿನದ ಹೊತ್ತಿಗೆ ತಮ್ಮನ್ನು ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರಿನವು ಅಷ್ಟು ಚೆನ್ನಾಗಿ ಮಾಡಿಕೊಳ್ಳುವುದಿಲ್ಲ. ಆದರೆ ಮಧ್ಯೆ ಬಿಡುವು ಕೊಟ್ಟರೆ ಉಳಿದ ಕ್ಯಾನ್ಸರ್ ಕೋಶಗಳು ಬೆಳೆಯಲು ಶುರು ಮಾಡುತ್ತವೆ. ಎಂಟು ವಾರದೊಳಗೆ ಮುಗಿಯಬೇಕು ಅಂದದ್ದು ಅದಕ್ಕೇ. ಡಾಕ್ಟರರು ಸುಮ್ನೆ ಅವಸರ ಮಾಡುತ್ತಿಲ್ಲ.

ಕರು ಹಾಕುವ ದಿನಕ್ಕೆ ರಜೆ ಕೇಳಿದರೆ ನಾವು ನಗುವುದಿಲ್ಲ, ನಿಜವಾಗಿ. ಆದರೆ ಮೊದಲೇ ಹೇಳಿ. ಒಂದು ದಿನ ತಪ್ಪುತ್ತದೆ ಅಂತ ಗೊತ್ತಿದ್ದರೆ ಶನಿವಾರ ಕೊಡುವುದೋ, ಅಥವಾ ಒಂದೇ ದಿನ ಎರಡು ಸಲ, ನಡುವೆ ಕಡಿಮೆ ಅಂದರೂ ಆರು ಗಂಟೆ ಬಿಟ್ಟು ಕೊಡುವುದೋ, ಹೇಗೆ ಸರಿದೂಗಿಸಬಹುದು ಅಂತ ಡಾಕ್ಟರು ನೋಡುತ್ತಾರೆ. ಹೇಳದೆ ಕೇಳದೆ ಮೂರು ದಿನ ಬರದೇ ಹೋಗುವವರ ಬಗ್ಗೆ ನಮಗೆ ನಿಜಕ್ಕೂ ಭಯ. ಫೋನು ಮಾಡಿದರೆ ಎತ್ತುವುದಿಲ್ಲ, ಬೈಯುತ್ತಾರೆ ಅಂತ. ಬೈಯುವುದಿಲ್ಲ, ಬನ್ನಿ.

ಹಳ್ಳಿಯಿಂದ ಬರುವ ಹೆಂಗಸರಲ್ಲಿ ನಾನು ದಿನಾ ನೋಡುವ ಒಂದು ತೊಂದರೆ ಹೇಳಲೇಬೇಕು. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೂತ್ರಚೀಲ ತುಂಬಿಸಿಕೊಂಡು ಮಲಗಲು ಹೇಳುತ್ತೇವೆ. ತುಂಬಿದ ಚೀಲ ಕರುಳನ್ನು ಮೇಲಕ್ಕೆ ತಳ್ಳುತ್ತದೆ, ಕರುಳಿಗೆ ಕರೆಂಟು ಕಡಿಮೆ ತಗಲುತ್ತದೆ. ಇನ್ನೊಂದು ಕಡೆ, ವಾರಕ್ಕೊಮ್ಮೆ ಕೊಡುವ ಕೀಮೋ ಸಾಮಾನ್ಯವಾಗಿ ಸಿಸ್ಪ್ಲಾಟಿನ್. ಅದು ಕಿಡ್ನಿಗೆ ಕಷ್ಟ ಕೊಡುವ ಔಷಧಿ, ನೀರು ಚೆನ್ನಾಗಿ ಕುಡಿಯಬೇಕು. ಆದರೆ ಬಸ್ಸಿನಲ್ಲಿ ಬರುವವರು ಏನು ಮಾಡುತ್ತಾರೆ? ದಾರಿಯಲ್ಲಿ ಎಲ್ಲಿಗೆ ಹೋಗುವುದು ಅಂತ ಹಿಂದಿನ ರಾತ್ರಿಯಿಂದಲೇ ನೀರು ಬಿಟ್ಟಿರುತ್ತಾರೆ. ಬಾಯಿ ಒಣಗಿಸಿಕೊಂಡು ಬರುತ್ತಾರೆ. ಇಲ್ಲಿ ಬಂದ ಮೇಲೆ ಒಮ್ಮೆಲೇ ಕುಡಿದು ಒಂದು ಗಂಟೆ ಕಾದರೂ ಚೀಲ ತುಂಬುವುದಿಲ್ಲ. ಟೈಮು ಮೀರುತ್ತದೆ, ಕೊನೆಯ ಬಸ್ಸು ತಪ್ಪುತ್ತದೆ. ದಿನಾ ಓಡಾಡಬೇಡಿ ಅನ್ನುವುದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ. ಆಸ್ಪತ್ರೆಗೆ ನಡೆದು ಬರುವಷ್ಟು ಹತ್ತಿರ ಇದ್ದರೆ ನೀರಿನ ಹೆದರಿಕೆ ಇರುವುದಿಲ್ಲ.

ಬಾಯಿ ಬಿಡದ ಅಮ್ಮನ ಬಗ್ಗೆ: ವಾರಕ್ಕೊಂದು ದಿನ ಡಾಕ್ಟರು ನೋಡುತ್ತಾರೆ. ಹೆಂಗಸು ಡಾಕ್ಟರು ಅಥವಾ ನರ್ಸು ಜೊತೆ ಮಾತಾಡಬೇಕು ಅಂತ ಮೊದಲ ಸಲವೇ ಹೇಳಿ ಫೈಲಿನ ಮೇಲೆ ಬರೆಸಿ. ಒಂದು ಸಣ್ಣ ಪುಸ್ತಕದಲ್ಲಿ ದಿನಾ ಎಷ್ಟು ಸಲ ಟಾಯ್ಲೆಟ್ಟಿಗೆ ಹೋದರು, ರಕ್ತ ಹೋಯಿತಾ, ಎಷ್ಟು ನೀರು ಕುಡಿದರು ಅಂತ ಗೀಟು ಎಳೆಯಲಿ. ಬಾಯಲ್ಲಿ ಹೇಳಲಾಗದ್ದನ್ನು ಪುಸ್ತಕ ಚಾಚಿ ತೋರಿಸುವವರು ಎಷ್ಟೋ ಜನ ಇದ್ದಾರೆ.

ಬೇರೆಯವರಿಗೆ ಮೂರೇ ವಾರದಲ್ಲಿ ಮುಗೀತಂತೆ, ನಮಗೆ ಯಾಕೆ ಇಷ್ಟು ಅಂತ ಕಾಯುವ ಹಾಲಿನಲ್ಲಿ ಮಾತು ಬರುತ್ತದೆ. ಸ್ತನದ ಕ್ಯಾನ್ಸರಿಗೆ ಹಿಂದೆ 25 ಇದ್ದದ್ದು 15ಕ್ಕೆ ಇಳಿದಿದೆ. ಕೆಲವರಿಗೆ ಐದೇ ಸಾಕು ಅಂತ ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನ 2020ರಲ್ಲಿ ತೋರಿಸಿತು. ಮೂಳೆಗೆ ಹರಡಿ ನೋವು ಇರುವವರಿಗೆ ಎಷ್ಟೋ ಸಲ ಒಂದೇ ಒಂದು ಸಾಕು. ದೂರದವರು "ಇದನ್ನು ಕಡಿಮೆ ದಿನದಲ್ಲಿ ಕೊಡಲು ಆಗುತ್ತದಾ" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಒಂದೊಂದು ಕಾಯಿಲೆಗೆ ಒಂದೊಂದು ಲೆಕ್ಕ. ನಿಮ್ಮಮ್ಮನದಕ್ಕೆ ಸದ್ಯ 25ರ ಆಸುಪಾಸೇ.

ಮಿಷನ್ನನ್ನು ಊರ ಹತ್ತಿರ ಯಾಕೆ ತರುವುದಿಲ್ಲ ಅಂತಲೂ ಕೇಳುತ್ತಾರೆ. ಒಂದು ಮಿಷನ್ನಿಗೆ ಮೀಟರಿಗಿಂತ ದಪ್ಪ ಕಾಂಕ್ರೀಟು ಗೋಡೆಯ ಕೋಣೆ ಬೇಕು, ಜೊತೆಗೆ ಅದರ ಡೋಸು ಲೆಕ್ಕ ಹಾಕುವ ಭೌತವಿಜ್ಞಾನಿ ಬೇಕು. ಕೀಮೋ ಹಾಗಲ್ಲ, ಅದು ಪ್ರಯಾಣ ಮಾಡಬಲ್ಲದು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನ ಡಾಕ್ಟರರು ಸುಮಾರು 900 ಕಿ.ಮೀ. ದೂರದ ಮೌಂಟ್ ಐಸಾ ಆಸ್ಪತ್ರೆಯಲ್ಲಿ ಕೊಡುವ ಕೀಮೋವನ್ನು ವೀಡಿಯೋದಲ್ಲೇ ನೋಡಿಕೊಂಡರು, ಕೊಟ್ಟದ್ದು ಅಲ್ಲಿನ ನರ್ಸುಗಳು. ಎಲ್ಲಾ ಕಡೆ ಹಾಗಿಲ್ಲ. ಆದರೂ ಯಾವುದು ಅಲ್ಲೇ ಆಗಬೇಕು, ಯಾವುದು ಊರಿನ ಹತ್ತಿರ ಆಗಬಹುದು ಅಂತ ಒಂದೊಂದನ್ನೂ ಕೇಳಿ. ರಕ್ತ ಪರೀಕ್ಷೆ, ಬಿಳಿ ರಕ್ತಕಣದ ಕೌಂಟು ಏರಿಸುವ ಇಂಜೆಕ್ಷನ್ನು, ಮುಗಿದ ಮೇಲಿನ ಮಾತುಕತೆ, ಇವಕ್ಕೆಲ್ಲಾ ಪ್ರತಿ ಸಲ ನಾಲ್ಕು ಗಂಟೆ ಬರಬೇಕಾಗಿಲ್ಲದಿರಬಹುದು.

ಉಳಿಯಲು ಜಾಗ ಬೇಕಾದರೆ ಆಸ್ಪತ್ರೆಯ ಸೋಷಿಯಲ್ ವರ್ಕರನ್ನು ಮೊದಲು ಕೇಳಿ, ಆಮೇಲೆ ಹೊರಗೆ ಹುಡುಕಿ. ದೂರದ ರೋಗಿಗಳಿಗಾಗಿಯೇ ನಡೆಸುವ ಮನೆಗಳು ಎಷ್ಟೋ ಕಡೆ ಇವೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯವರ ಇಂಥ ಮೊದಲ ಮನೆ ಚಾರ್ಲ್ಸ್‌ಟನ್‌ನಲ್ಲಿ 1970ರಲ್ಲೇ ತೆರೆದಿತ್ತು. ಹೊಸ ವಿಷಯವಲ್ಲ, ಕೇಳಲು ಸಂಕೋಚ ಬೇಡ.

ಕೊನೆಬಸ್ಸು ಬರೆದದ್ದು:

ಎಲ್ಲರಿಗೂ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಹಳೇಕೊಡೆ ಅಣ್ಣಾ, ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಕುಟ್ಟಿ ಹೌದು ಅನ್ನುವುದು ಕೇಳಿ ನಕ್ಕಳು. ಎಷ್ಟೋ ದಿನದ ಮೇಲೆ. ನೀರಿನ ವಿಷಯ ಓದಿದಾಗ ಮಾತ್ರ ಸುಮ್ಮನಾದಳು. ಆಮೇಲೆ ಒಪ್ಪಿಕೊಂಡಳು, ಮೊನ್ನೆ ಹೋಗುವಾಗಲೂ ಹಿಂದಿನ ಸಂಜೆಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲವಂತೆ. ಪಕ್ಕದಲ್ಲೇ ಕೂತಿದ್ದ ನನಗೆ ಗೊತ್ತಾಗಲಿಲ್ಲ.

ರೂಮು ಮಾಡುತ್ತೇವೆ. ಶುಕ್ರವಾರ ಊರಿಗೆ, ಸೋಮವಾರ ವಾಪಸು. ಒಂದೇ ಹೆದರಿಕೆ, ಶನಿವಾರ ರಾತ್ರಿ ಊರಿನಲ್ಲಿ ಏನಾದರೂ ಆದರೆ?

ಥರ್ಮಾಮೀಟರು ಬರೆದದ್ದು:

ಇದಕ್ಕೆ ನಾನು ಉತ್ತರ ಕೊಡಬಲ್ಲೆ. ಖುಷಿಯಿಂದಲ್ಲ.

ನನ್ನ ಹೆಂಡತಿಗೆ ಸ್ತನದ ಕ್ಯಾನ್ಸರ್, 21 ದಿನಕ್ಕೊಂದು ಕೀಮೋ. ಎರಡನೆಯದು ಮುಗಿಸಿ ಊರಿಗೆ ಬಂದಿದ್ದೆವು. ಹತ್ತನೇ ದಿನ ರಾತ್ರಿ ಮೈ ಬಿಸಿಯಾಯಿತು. ಮುಟ್ಟಿ ನೋಡಿ, ಜ್ವರದ ಮಾತ್ರೆ ಕೊಟ್ಟು ಮಲಗಿಸಿದೆ. ಇಳಿಯಿತು. ಎರಡು ಗಂಟೆಗೆ ನಡುಕ. ಹತ್ತಿರದ ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಈಗ ಜ್ವರ ಇಲ್ಲವಲ್ಲ, ಬೆಳಗ್ಗೆ ನೋಡೋಣ ಎಂದರು. ಅವರ ತಪ್ಪು ಅಂತಲೂ ಹೇಳಲಾರೆ. ಮಾತ್ರೆ ಕೊಟ್ಟು ಜ್ವರ ಮುಚ್ಚಿಟ್ಟವನು ನಾನೇ, ಕೀಮೋ ಆಗಿದೆ ಅನ್ನುವುದನ್ನು ಸರಿಯಾಗಿ ಹೇಳದವನೂ ನಾನೇ. ಬೆಳಗಿನ ಹೊತ್ತಿಗೆ ಬಿಪಿ ಇಳಿದಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಒಂಬತ್ತು ದಿನ. ಬದುಕಿಕೊಂಡಳು.

ಆಮೇಲೆ ಗೊತ್ತಾದದ್ದು. ಕೀಮೋ ಆದ ಮೇಲೆ ಸುಮಾರು ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣ ತುಂಬಾ ಇಳಿದಿರುತ್ತದೆ. ಆಗ ಸೋಂಕು ಬಂದರೆ ಕೀವು, ಕೆಮ್ಮು ಯಾವುದೂ ಕಾಣದೆ ಬರೀ ಜ್ವರವೇ ಇರಬಹುದು. 38 ಡಿಗ್ರಿ, ಹಳೇ ಅಳತೆಯಲ್ಲಿ 100.4, ಮುಟ್ಟಿತು ಅಂದರೆ ಬೆಳಗಾಗುವ ತನಕ ಕಾಯುವ ಹಾಗಿಲ್ಲ. ಹೊರಟುಬಿಡಬೇಕು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಹೋಗಬೇಕು ಎನ್ನುತ್ತಾರೆ. ಅಳೆದು ನೋಡದೆ ಜ್ವರದ ಮಾತ್ರೆ ಕೊಡಬಾರದು. ನಿಮ್ಮಮ್ಮನ ವಾರದ ಕೀಮೋದಲ್ಲಿ ಕೌಂಟು ಅಷ್ಟು ಬೀಳದಿರಬಹುದು. ಜ್ವರದ ನಿಯಮ ಮಾತ್ರ ಅದೇ ಇಟ್ಟುಕೊಳ್ಳಿ.

ಮೂರನೇ ಕೀಮೋಗೆ ಮುಂಚೆ ನಾನು ಮಾಡಿದ್ದು ಇಷ್ಟು. ಕೀಮೋ ಡಾಕ್ಟರ ಹತ್ತಿರ ಒಂದೇ ಹಾಳೆಯಲ್ಲಿ ಬರೆಸಿಕೊಂಡೆ: ಇವರಿಗೆ ಇಂಥ ಔಷಧಿ, ಇಂಥ ತಾರೀಕು ಕೊಟ್ಟಿದ್ದೇವೆ, ಜ್ವರ ಬಂದರೆ ಮೊದಲು ಇದನ್ನು ಮಾಡಿ, ಆಮೇಲೆ ಈ ನಂಬರಿಗೆ ಫೋನು ಮಾಡಿ. ಅದಕ್ಕೆ ಪ್ಲಾಸ್ಟಿಕ್ ಹಾಕಿಸಿದೆ. ಹಗಲು ಹೊತ್ತಿನಲ್ಲೇ, ಜ್ವರ ಇಲ್ಲದಾಗಲೇ, ಹತ್ತಿರದ ಆಸ್ಪತ್ರೆಗೆ ಹೋಗಿ ಅದನ್ನು ತೋರಿಸಿ, ನಿಮ್ಮಲ್ಲಿ ಈ ಔಷಧಿ ಇದೆಯಾ ಅಂತ ಕೇಳಿದೆ. ಇರಲಿಲ್ಲ. ತರಿಸಿಟ್ಟರು. ಕಾರು ಇರುವ ಇಬ್ಬರಿಗೆ ಹೇಳಿಟ್ಟೆ, ರಾತ್ರಿ ಬಾಗಿಲು ಬಡಿಯಬಹುದು ಅಂತ. ಒಬ್ಬರಲ್ಲ, ಇಬ್ಬರು. ಒಬ್ಬರು ಊರಲ್ಲಿರುವುದಿಲ್ಲ.

ಬಸ್ಸಿನ ಬಗ್ಗೆ ಇನ್ನೊಂದು. ನನ್ನ ಹೆಂಡತಿಗೆ ಮೂರನೇ ಕೀಮೋ ಹೊತ್ತಿಗೆ ಬಸ್ಸು ಹತ್ತಿದ ಕೂಡಲೇ, ಔಷಧಿ ಕೊಡುವ ಮುಂಚೆಯೇ, ವಾಂತಿ ಬರುತ್ತಿತ್ತು. ಡೀಸೆಲ್ ವಾಸನೆಗೂ ಕೀಮೋಗೂ ಮೈಯೊಳಗೆ ಗಂಟು ಬಿದ್ದಿತ್ತು. ನಾಟಕ ಅಂತ ಯಾರೋ ಅಂದರು. ನಾಟಕವಲ್ಲ, ಡಾಕ್ಟರಿಗೆ ಹೇಳಿ, ಅದಕ್ಕೂ ಮಾತ್ರೆ ಇದೆ. ವಾಂತಿಗೆ ಕೊಡುವ ಕೆಲವು ಮಾತ್ರೆಗಳಿಂದ ಮಲಬದ್ಧತೆ ಆಗುತ್ತದೆ, ಅದನ್ನೂ ಕೇಳಿಟ್ಟುಕೊಳ್ಳಿ. ಕಾಲು ಒಂದೇ ಕಡೆ ಊದಿಕೊಂಡರೆ ಪ್ರಯಾಣದ ಸುಸ್ತು ಅಂದುಕೊಳ್ಳಬೇಡಿ. ಕ್ಯಾನ್ಸರ್ ಇರುವವರಿಗೆ ತುಂಬಾ ಹೊತ್ತು ಕೂತು ಬಂದರೆ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ.

ಕೊನೆಬಸ್ಸು ಬರೆದದ್ದು, ನಾಲ್ಕು ವಾರದ ಮೇಲೆ:

ಕೇಳಿದವಳು ಸುದ್ದಿ ಹೇಳದಿದ್ದರೆ ತಪ್ಪಾಗುತ್ತದೆ ಅಲ್ವಾ.

ಅಣ್ಣ ಮೊದಲ ವಾರ ಬಂದ. ಎರಡನೇ ವಾರದಿಂದ ಚಿಕ್ಕಮ್ಮ ಇದ್ದಾಳೆ. ಕೊನೆಯ ಎರಡು ವಾರಕ್ಕೆ ಮತ್ತು ಒಳಗಿನ ಕರೆಂಟಿಗೆ ನಾನು. ಟೈಮು ಕೊಡುವವರ ಹತ್ತಿರ ಶುಕ್ರವಾರ ಬೆಳಗ್ಗೆ, ಸೋಮವಾರ ಮಧ್ಯಾಹ್ನ ಅಂತ ಕೇಳಿದೆ. ತಲೆ ಎತ್ತದೆ "ಆಯ್ತು" ಎಂದು ಬರೆದುಕೊಂಡರು. ಇಷ್ಟೇನಾ ಅನ್ನಿಸಿತು.

ಅಮ್ಮ ಪುಸ್ತಕದಲ್ಲಿ ಗೀಟು ಎಳೆಯುತ್ತಾಳೆ. ಭೇದಿ ಶುರುವಾಗಿದೆ. ಅದನ್ನು ನನಗೆ ಹೇಳಲಿಲ್ಲ, ನರ್ಸಿಗೆ ಪುಸ್ತಕ ತೋರಿಸಿದಳಂತೆ. ಮಾತ್ರೆ ಕೊಟ್ಟಿದ್ದಾರೆ.

ದನ ಹೋದ ಬುಧವಾರ ಕರು ಹಾಕಿತು. ಹಗಲು ಹನ್ನೆರಡಕ್ಕೆ. ಅಪ್ಪ ವೀಡಿಯೋ ಕಾಲ್ ಮಾಡಿ ಫೋನನ್ನು ಕಂಬಕ್ಕೆ ಕಟ್ಟಿದ್ದರು. ಅಮ್ಮ ಕಾಯುವ ಹಾಲಿನಲ್ಲಿ, ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ಫೋನು. "ಎಳೀಬೇಡ, ಅದೇ ಹಾಕುತ್ತೆ, ಸುಮ್ನೆ ನಿಂತ್ಕೋ" ಅಂತ ಅಪ್ಪನಿಗೆ ಜೋರು ಮಾಡುತ್ತಿದ್ದಳಂತೆ. ಸುತ್ತ ಏಳೆಂಟು ಜನ ಬಗ್ಗಿ ನೋಡುತ್ತಿದ್ದರಂತೆ. ಒಳಗಿನಿಂದ ಅಮ್ಮನ ಹೆಸರು ಕೂಗಿದಾಗ "ಒಂದು ನಿಮಿಷ ಇರಪ್ಪ, ತಲೆ ಬಂದಿದೆ" ಅಂದಳಂತೆ. ಕೂಗಿದ ಹುಡುಗನೂ ಬಂದು ನಿಂತು ನೋಡಿದನಂತೆ. ಇದೆಲ್ಲಾ ಚಿಕ್ಕಮ್ಮ ಹೇಳಿದ್ದು. ಅಮ್ಮನನ್ನು ಕೇಳಿದರೆ "ಹೆಣ್ಣು ಕರು" ಅಂದಳು ಅಷ್ಟೇ.

ಪ್ಲಾಸ್ಟಿಕ್ ಹಾಕಿದ ಹಾಳೆ ಫೈಲಿನಲ್ಲಿದೆ. ಥರ್ಮಾಮೀಟರು ತಲೆದಿಂಬಿನ ಕೆಳಗೆ.

ಇವತ್ತಿಗೆ 14 ಮುಗಿದಿದೆ, 11 ಬಾಕಿ. ಕರುವಿಗೆ ಹೆಸರು ಇಟ್ಟಿಲ್ಲ. ತಾನು ಬರುವ ತನಕ ಯಾರೂ ಇಡಕೂಡದು ಅಂತ ಅಮ್ಮ ಹೇಳಿಬಿಟ್ಟಿದ್ದಾಳೆ.